ಭೂಪಟದಲ್ಲಿ ಕೆರೆ ಕಾಡುಗಳ ಆರೋಗ್ಯವನ್ನು ನೋಡುವ ಬಗೆ

ದಕ್ಷಿಣ ಪಿನಾಕಿನಿಯ ದಂಡೆಯಲ್ಲಿ ಹೊಲ ತೋಟ ಮಾಡಿಕೊಂಡಿರುವ ನಮ್ಮ ಒಕ್ಕಲು ಬಂಧುಗಳಿಗೆ ನೊರೆಯ ವಿಚಾರವನ್ನು ನಾವು ಹೊಸದಾಗಿ ಹೇಳಬೇಕಾದುದಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವದ ಮಗ್ಗುಲನ್ನು ಹಾದು ಹೊಸೂರು ತಾಲ್ಲೂಕಿಗೆ ಇಳಿಯುವ ಈ ಹೊಳೆಗೆ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯ ನೀರೂ ಬಂದು ಸೇರುತ್ತದೆ. ಪಟ್ಟಣದ ಬಚ್ಚಲು ನೀರಿನಲ್ಲಿರುವ ಸಾಬೂನಿನ ಪುಡಿ, ರಂಜಕ ಮೊದಲಾದುವು ಅದರೊಡನೆ ಬರುತ್ತವೆ. ಕೆಲವರಪಳ್ಳಿ ಅಣೆಯಿಂದ ನೀರು ಬಿಟ್ಟಾಗ ಹತ್ತಿಯ ರಾಶಿಯಂತೆ ನೊರೆ ಎದ್ದು ನಿಂತದ್ದನ್ನು ಕಣ್ಣಾರೆ ಕಂಡವರು ನಮ್ಮ ವಾಚಕರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಆದರೆ ಇದು ಯಾವ ವರ್ಷದಿಂದ ಹೀಗೆ, ಎಷ್ಟು ದೂರದವರೆಗೆ ಹೀಗೆ, ಊರ ಕೆರೆಗೂ ಇದೇ ಗತಿ ಬಂದಿದೆಯೇ ಎಂದು ಕೇಳಿದರೆ ಹತ್ತು ಮಂದಿ ಹತ್ತು ಬಗೆಯಲ್ಲಿ ಹೇಳುವರು. ಅಧಿಕಾರಿಗಳ ಮುಂದೆ ನಿಂತು ಹೇಳುವಾಗ ನೆನಪಿನ ಮಾತಿಗೆ ಬೆಲೆ ಕಡಮೆ. ಕಾಗದ ಬೇಕು, ಲೆಕ್ಕ ಬೇಕು, ತಾರೀಖು ಬೇಕು. ಆ ಲೆಕ್ಕವನ್ನು ಊರಿನವರೇ ಮಾಡಿಕೊಳ್ಳಲು ಈಗ ಒಂದು ಉಪಾಯ ಉಂಟು. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಭೂಪಟವಾಗಿ ಹರಡಿ, ಕೆರೆ, ಕಾಡು, ಮೇವಿನ ನೆಲಗಳ ಸ್ಥಿತಿಯನ್ನು ವರ್ಷ ವರ್ಷಕ್ಕೆ ಹೋಲಿಸಿ ನೋಡುವುದೇ ಆ ಉಪಾಯ. ಅದರ ಬಲವನ್ನೂ, ಬಲಕ್ಕಿಂತ ಹೆಚ್ಚಾಗಿ ಅದು ಮೋಸಮಾಡುವ ಜಾಗಗಳನ್ನೂ ಈ ವಾರ ತಿಳಿಸಬೇಕೆಂದು ಹೊರಟಿದ್ದೇವೆ.

ಉದಾಹರಣೆಗೆ ಹೊಸೂರಿನ ಹತ್ತಿರದ ತೊರಪಲ್ಲಿ ಅಗ್ರಹಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ ಊರು ಇದು. ಅವರ ತಂದೆ ಇದೇ ಊರಿನ ಮುನ್ಸೀಫರಾಗಿದ್ದರು. ನೆಲವನ್ನು ಅಳೆದು ಕಾಗದಕ್ಕೆ ಇಳಿಸುವ ಕೆಲಸ ಈ ಸೀಮೆಗೆ ಹೊಸತಲ್ಲ. 1792ರಲ್ಲಿ ಕೃಷ್ಣಗಿರಿಯ ಕಡೆಯ ಬಾರಾಮಹಲ್ ಕಂಪೆನಿ ಸರ್ಕಾರದ ಕೈಗೆ ಹೋದಾಗ ಅಲೆಗ್ಸಾಂಡರ್ ರೀಡ್ ಎಂಬ ಅಧಿಕಾರಿಯೂ ಅವನ ಕೈಕೆಳಗಿದ್ದ ಥಾಮಸ್ ಮನ್ರೋನೂ ಹೊಲಹೊಲವನ್ನೂ ಅಳೆಸಿದರು. 1800ರಲ್ಲಿ ಲ್ಯಾಂಬ್ಟನ್ ಎಂಬಾತ ಬೆಂಗಳೂರಿನ ಬಳಿ ಸರಪಣಿ ಹಿಡಿದು ಮೂಲರೇಖೆಯನ್ನು ಅಳೆದನು. ರೀಡ್ ಮನ್ರೋಗಳ ಅಳತೆ ಕಂದಾಯಕ್ಕಾಗಿ ನಡೆದದ್ದು. ನೆಲ ಎಷ್ಟು ಎಂದು ಅವರು ಕೇಳಿದರೇ ಹೊರತು ನೆಲ ಹೇಗಿದೆ ಎಂದು ಕೇಳಲು ಅವರಿಗೆ ಪುರುಸೊತ್ತಿರಲಿಲ್ಲ. ಅಥವಾ ಕಂದಾಯ ಎಷ್ಟು ಕೊಟ್ಟೀತು ಎನ್ನುವಷ್ಟಕ್ಕೆ ಮಾತ್ರ ಕೇಳಿದರು.

ಎಷ್ಟು ಎಂಬುದೂ ಹೇಗೆ ಎಂಬುದೂ ಬೇರೆ ಬೇರೆ. ಕೊಟ್ಟಿಗೆಯಲ್ಲಿ ದನ ಎಷ್ಟಿವೆ ಎಂದು ಎಣಿಸುವುದು ಒಂದು ಕೆಲಸ. ಅವು ಮೇವು ತಿನ್ನುತ್ತವೆಯೇ, ಮೈ ತುಂಬಿವೆಯೇ ಎಂದು ನೋಡುವುದು ಮತ್ತೊಂದು ಕೆಲಸ. ಕೆರೆಯಲ್ಲಿ ನೀರು, ಮೀನು, ಹಕ್ಕಿ, ಹುಲ್ಲು, ಹೂಳು ಎಲ್ಲವೂ ಕೂಡಿ ನಡೆಸುವ ಸಂಸಾರಕ್ಕೆ ವಿದ್ವಾಂಸರು ಪರಿಸರ ವ್ಯವಸ್ಥೆ ಎಂದು ಹೆಸರಿಟ್ಟಿದ್ದಾರೆ. ಕಾಡೂ, ಹುಲ್ಲುಗಾವಲೂ, ಹೊಳೆಯೂ ಹಾಗೆಯೇ. 2021ರಲ್ಲಿ ವಿಶ್ವಸಂಸ್ಥೆಯವರು ಇಂಥ ವ್ಯವಸ್ಥೆಗಳ ಲೆಕ್ಕ ಇಡುವ ಒಂದು ಕ್ರಮವನ್ನು ಒಪ್ಪಿಕೊಂಡರು. ಅದರಲ್ಲಿ ವಿಸ್ತಾರಕ್ಕೆ ಒಂದು ಪುಸ್ತಕ, ಸ್ಥಿತಿಗೆ ಬೇರೊಂದು ಪುಸ್ತಕ. ಅಳಿವಿನಂಚಿನ ಪ್ರಾಣಿಗಳ ಕೆಂಪು ಪಟ್ಟಿಯನ್ನು ಮಾಡುವ ಅಂತರರಾಷ್ಟ್ರೀಯ ಸಂಘದವರು 2014ರಲ್ಲಿ ಪರಿಸರ ವ್ಯವಸ್ಥೆಗಳಿಗೂ ಅಂಥ ಪಟ್ಟಿಯ ನಿಯಮಗಳನ್ನು ಒಪ್ಪಿದರು. ಅಲ್ಲಿಯೂ ಹರವು ಕುಗ್ಗಿದೆಯೇ ಎಂಬ ಪ್ರಶ್ನೆಯೊಂದೇ ಅಲ್ಲ. ನೀರು ಮಣ್ಣು ಕೆಟ್ಟಿದೆಯೇ, ಒಳಗಿನ ಜೀವಿಗಳ ಸಂಬಂಧ ಕೆಟ್ಟಿದೆಯೇ ಎಂದೂ ಕೇಳುತ್ತಾರೆ. ಕಂದಾಯದ ಕಾಗದದಲ್ಲಿ ಹತ್ತೆಕರೆ ಇರುವ ಕೆರೆ ಇಂದಿಗೂ ಹತ್ತೆಕರೆಯೇ ಇರಬಹುದು. ಅದರಲ್ಲಿ ಎಮ್ಮೆ ಮೂತಿ ಇಡುತ್ತದೆಯೇ ಎಂಬುದನ್ನು ಆ ಕಾಗದ ಹೇಳದು.

ಉಪಗ್ರಹದ ಚಿತ್ರ ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಅದು ಮದುವೆ ಮನೆಯ ಫೋಟೋದಂತಲ್ಲ. ನೆಲವನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಹಂಚಿ, ಒಂದೊಂದು ಚೌಕದಿಂದ ಯಾವ ಯಾವ ಬಣ್ಣದ ಬೆಳಕು ಎಷ್ಟೆಷ್ಟು ಹಿಂದಿರುಗಿತು ಎಂದು ಬರೆದಿಟ್ಟ ಅಂಕಿಗಳ ಕಂತೆ. ಯೂರೋಪಿನವರ ಸೆಂಟಿನೆಲ್-2 ಎಂಬ ಉಪಗ್ರಹಗಳಲ್ಲಿ ಮೊದಲನೆಯದು 2015ರ ಜೂನ್‌ನಲ್ಲಿ ಹಾರಿತು. ಅದರ ಸೂಕ್ಷ್ಮ ಚಿತ್ರದಲ್ಲಿ ಒಂದು ಚೌಕ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಅಂದರೆ ನೂರು ಚದರ ಮೀಟರ್. ಗಡಿಯಾಚೆಯ ನಮ್ಮ ನೆಂಟರಿಷ್ಟರ ಲೆಕ್ಕದಲ್ಲಿ ಇದು ಹೆಚ್ಚು ಕಡಮೆ ಸರಿಯಾಗಿ ಒಂದು ಗುಂಟೆ. ನಮ್ಮ ಕಡೆಯ ಸೆಂಟಿನ ಲೆಕ್ಕದಲ್ಲಿ ಎರಡೂವರೆ ಸೆಂಟು. ಒಂದೆಕರೆಗೆ ನಲವತ್ತು ಚೌಕ. ಹೀಗೆ ನೆನಪಿಟ್ಟುಕೊಂಡರೆ ಅರ್ಧ ಭಯ ಬಿಟ್ಟುಹೋಗುತ್ತದೆ. ಇದೇ ಜಾಗದ ಹೊಸ ಚಿತ್ರ ಐದು ದಿನಕ್ಕೊಮ್ಮೆ ಬರುತ್ತದೆ. ಕಾಸು ಕೊಡಬೇಕಾದುದಿಲ್ಲ.

ಅದಕ್ಕಿಂತ ಹಳೆಯ ಕಾಲವನ್ನು ನೋಡಬೇಕಾದರೆ ಅಮೆರಿಕದವರ ಲ್ಯಾಂಡ್‌ಸ್ಯಾಟ್ ಚಿತ್ರಗಳಿವೆ. ಅವು 1972ರಿಂದ ಆರಂಭವಾದುವು. 1984ರಲ್ಲಿ ಹಾರಿದ ಐದನೆಯ ಲ್ಯಾಂಡ್‌ಸ್ಯಾಟ್‌ನ ಚೌಕ ಮೂವತ್ತು ಮೀಟರಿನದು, ಅಂದರೆ ಸುಮಾರು ಒಂಬತ್ತು ಗುಂಟೆ. ನಮ್ಮ ದೇಶದ ಐಆರ್‌ಎಸ್-1ಎ 1988ರ ಮಾರ್ಚಿಯಲ್ಲಿ ಮೇಲಕ್ಕೇರಿತು. ಇಸ್ರೋದವರ ಭುವನ್ ಎಂಬ ಭೂಪಟ 2009ರಿಂದ ಎಲ್ಲರಿಗೂ ತೆರೆದಿದೆ. ಮಧ್ಯ ಏಷ್ಯದ ಅರಲ್ ಸಮುದ್ರಕ್ಕೆ ಬರುವ ಹೊಳೆಗಳನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದ ಮೇಲೆ ಅದು ಬತ್ತಿದ ಕಥೆಯನ್ನು ಲೋಕವೆಲ್ಲ ಕಂಡದ್ದು ಇಂಥ ಚಿತ್ರಗಳ ಸಾಲಿನಲ್ಲಿಯೇ. ಸಮುದ್ರಕ್ಕೆ ಸಲ್ಲುವ ಉಪಾಯ ಊರ ಕೆರೆಗೂ ಸಲ್ಲುತ್ತದೆ, ಕೆರೆ ತೀರ ಚಿಕ್ಕದಾಗಿರದಿದ್ದರೆ.

ಇನ್ನು ಹಸಿರನ್ನು ಅಳೆಯುವ ಲೆಕ್ಕ. ಆರೋಗ್ಯವಾದ ಎಲೆ ತನ್ನ ಅಡಿಗೆಗಾಗಿ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ; ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಎಸೆಯುತ್ತದೆ. ಬರಿಯ ಮಣ್ಣು ಎರಡನ್ನೂ ಹೆಚ್ಚು ಕಡಮೆ ಸಮವಾಗಿ ಎಸೆಯುತ್ತದೆ. ಆದಕಾರಣ ಅವಗೆಂಪಿನಿಂದ ಕೆಂಪನ್ನು ಕಳೆದು, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಹಸಿರಿನ ಅಂಕ ಸಿಗುತ್ತದೆ. ಇದಕ್ಕೆ ಎನ್‌ಡಿವಿಐ ಎನ್ನುವರು. ಒಂದು ಚೌಕದಲ್ಲಿ ಅವಗೆಂಪು 0.40, ಕೆಂಪು 0.08 ಇದೆಯೆನ್ನಿ. ಕಳೆದರೆ 0.32, ಕೂಡಿದರೆ 0.48, ಭಾಗಿಸಿದರೆ 0.67. ಅದು ತುಂಬಿದ ಹಸಿರು. ಉತ್ತ ನೆಲದಲ್ಲಿ ಅವಗೆಂಪು 0.25, ಕೆಂಪು 0.20 ಇದ್ದರೆ ಅಂಕ 0.11ಕ್ಕೆ ಇಳಿಯುತ್ತದೆ. ನೀರಿನಲ್ಲಿ ಅದು ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಏಕೆಂದರೆ ತಿಳಿನೀರು ಅವಗೆಂಪನ್ನು ನುಂಗಿಬಿಡುತ್ತದೆ. ನೀರನ್ನೇ ಹುಡುಕಬೇಕಾದರೆ ಕೆಂಪಿನ ಬದಲು ಹಸಿರು ಬೆಳಕನ್ನು ತೆಗೆದುಕೊಂಡು ಅದರಿಂದ ಅವಗೆಂಪನ್ನು ಕಳೆಯುವರು. ಆಗ ನೀರಿನ ಚೌಕ ಮೇಲಕ್ಕೆ ಬರುತ್ತದೆ, ಉಳಿದುದೆಲ್ಲ ಕೆಳಗೆ ಹೋಗುತ್ತದೆ. ಮೂರನೆಯ ಫಾರಮಿನ ಹುಡುಗನೂ ಮಾಡಬಹುದಾದ ಲೆಕ್ಕ ಇದು. ಲಕ್ಷಾಂತರ ಚೌಕಗಳಿಗೆ ಮಾಡಬೇಕಾದುದರಿಂದ ಕಂಪ್ಯೂಟರು ಬೇಕಾಯಿತು, ಅಷ್ಟೇ.

ಇಲ್ಲಿಯೇ ಮೊದಲನೆಯ ಮೋಸ ಕಾದಿರುತ್ತದೆ. ಹಸಿರಿನ ಅಂಕ ಹೆಚ್ಚಿದ ಜಾಗವೆಲ್ಲ ಚೆನ್ನಾಗಿದೆ ಎಂದು ಹೊಸಬರು ತಿಳಿಯುವರು. ಕೆರೆಯ ಮೇಲೆ ಅಂತರಗಂಗೆ, ತಮಿಳರು ಆಗಾಯ ತಾಮರೈ ಎನ್ನುವ ಕಳೆ, ಚಾಪೆ ಹಾಸಿದಂತೆ ಹಬ್ಬಿದರೆ ಅದರ ಅಂಕ ಒಳ್ಳೆಯ ರಾಗಿ ಹೊಲಕ್ಕೆ ಸಮನಾಗಿ ನಿಲ್ಲುತ್ತದೆ. ಭೂಪಟದಲ್ಲಿ ಕೆರೆ ಪಚ್ಚೆಯ ಹಾಗೆ ಹೊಳೆಯುತ್ತದೆ. ಕೆಳಗೆ ಮೀನಿಗೆ ಉಸಿರಿಲ್ಲ. ಬೆಳ್ಳಂದೂರು ಕೆರೆ ಇದಕ್ಕೆ ಒಳ್ಳೆಯ ಪಾಠ. ಆ ಕೆರೆಯನ್ನು ಕಳೆ ಹಸಿರಾಗಿ ಮುಚ್ಚಿಕೊಂಡಿತ್ತು. 2015ರಲ್ಲಿ ಅದರ ನೊರೆ ಬೀದಿಗೆ ಹಾರಿತು, 2017ರ ಫೆಬ್ರವರಿಯಲ್ಲಿ ಕೆರೆಯೇ ಹೊತ್ತಿ ಉರಿಯಿತು. ನಮ್ಮ ಕಡೆಯ ಒಣಕೆರೆಗಳ ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತರೂ ಅಂಕ ಏರುತ್ತದೆ. ಆದ್ದರಿಂದ ಕೆರೆಯ ಗೆರೆಯೊಳಗೆ ಹಸಿರು ಏರಿ ನೀರು ಇಳಿದಿದ್ದರೆ ಅದನ್ನು ಕೆಡುಕಿನ ಗುರುತೆಂದೇ ಮೊದಲು ಶಂಕಿಸಬೇಕು. ಕಾಡಿನಲ್ಲಿ ಒಳ್ಳೆಯದಾಗಿದ್ದ ಅಂಕವೇ ಕೆರೆಯಲ್ಲಿ ಕೆಟ್ಟದ್ದು.

ಎರಡನೆಯ ಮೋಸ ಕಾಲದ್ದು. ಇದನ್ನು ನಾವು ತಲೆ ತಗ್ಗಿಸಿಕೊಂಡು ಕಲಿತೆವು. ಮೊದಲ ಸಲ ಎರಡು ಚಿತ್ರಗಳನ್ನು ಹೋಲಿಸಿದಾಗ ಹಿಂದಿನದು ನವೆಂಬರಿನದು, ಹೊಸದು ಮೇ ತಿಂಗಳದು. ಕೆರೆಯೊಂದು ಮುಕ್ಕಾಲು ಪಾಲು ಹೋಗಿಬಿಟ್ಟಿದೆ ಎಂದು ಗಾಬರಿಯಿಂದ ಆ ಊರಿಗೇ ಹೋಗಿ ಏರಿಯ ಮೇಲೆ ಕುಳಿತಿದ್ದ ಮುದುಕರೊಬ್ಬರಿಗೆ ತೋರಿಸಿದೆವು. ಅವರು ಕಾಗದವನ್ನು ಅತ್ತಿತ್ತ ತಿರುಗಿಸಿ ನೋಡಿ, “ಏನ್ ಸಾಮಿ, ಬ್ಯಾಸಗೇಲಿ ಬತ್ತೋದು ಕೆರೆ ಧರ್ಮ ಅಲ್ವಾ? ಕಾರ್ತೀಕದಾಗೆ ಬಂದು ನೋಡಿ” ಎಂದರು. “ಹೌದು ತಾತ” ಎಂದು ಕಾಗದ ಮಡಿಸಿಕೊಂಡು ಬಂದೆವು. ಅಂದಿನಿಂದ ನಾವು ಒಂದೇ ತಿಂಗಳ, ಆದಷ್ಟೂ ಒಂದೇ ವಾರದ ಚಿತ್ರಗಳನ್ನು ಮಾತ್ರ ಜೋಡಿಸುತ್ತೇವೆ. ಮಾರ್ಚಿಗೆ ಮಾರ್ಚಿ, ನವೆಂಬರಿಗೆ ನವೆಂಬರು.

ಮಳೆ ಹೆಚ್ಚು ಕಡಮೆಯಾದ ವರ್ಷಗಳನ್ನು ಏನು ಮಾಡುವುದು? ಪಕ್ಕದ ಊರುಗಳ ಎರಡು ಮೂರು ಕೆರೆಗಳ ಲೆಕ್ಕವನ್ನೂ ಜೊತೆಯಲ್ಲಿ ಮಾಡತಕ್ಕದ್ದು. ಮಳೆ ಕೈಕೊಟ್ಟಿದ್ದರೆ ಎಲ್ಲ ಕೆರೆಗಳೂ ಕೂಡಿ ಇಳಿದಿರುತ್ತವೆ. ನಮ್ಮದೊಂದೇ ಇಳಿದಿದ್ದರೆ ನೀರು ಬರುವ ಕಾಲುವೆ ಮುಚ್ಚಿದೆಯೋ, ತೂಬು ಸೋರುತ್ತಿದೆಯೋ, ಅಂಗಳ ಯಾರದೋ ಪಾಲಾಗಿದೆಯೋ ನೋಡಬೇಕು. ಆ ಮೂರರಲ್ಲಿ ಯಾವುದು ಎಂದು ಉಪಗ್ರಹ ಹೇಳಲಾರದು. ಮೂರು ಮೀಟರ್ ಅಗಲದ ಕಾಲುವೆ ಹತ್ತು ಮೀಟರಿನ ಚೌಕದೊಳಗೆ ಮುಳುಗಿಹೋಗುತ್ತದೆ. ಅದನ್ನು ಕಾಲಿನಿಂದಲೇ ಅಳೆಯಬೇಕು.

ಈಗ ಕೆಲಸದ ಕ್ರಮ. ಇದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಕ್ಯೂಜಿಐಎಸ್ ಎಂಬುದು ನಮಗೆ ಹಿಡಿಸಿದೆ. 2002ರಲ್ಲಿ ಆರಂಭವಾಗಿ, ಲೋಕದ ನಾನಾ ಕಡೆಯವರು ಸೇರಿ ಬೆಳೆಸಿದ್ದು. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಊರಿನಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ನಾಲ್ಕು ಭಾನುವಾರಗಳಲ್ಲಿ ಕಲಿತುಬಿಡುವರು. ಮೊದಲು ಸೆಂಟಿನೆಲ್ ಚಿತ್ರಗಳ ತಾಣದಲ್ಲಿ ಹೆಸರು ಕೊಟ್ಟು, ಮೋಡವಿಲ್ಲದ ದಿನದ ಚಿತ್ರವನ್ನು ಆರಿಸಿಕೊಳ್ಳಬೇಕು. ಅದರಲ್ಲಿ 3ನೆಯ ಪಟ್ಟಿ ಹಸಿರು, 4ನೆಯದು ಕೆಂಪು, 8ನೆಯದು ಅವಗೆಂಪು. ಈ ಮೂರೇ ಸಾಕು. ಮೇಲೆ ಹೇಳಿದ ಲೆಕ್ಕವನ್ನು ರಾಸ್ಟರ್ ಕ್ಯಾಲ್ಕುಲೇಟರ್ ಎಂಬ ಕಡೆ ಬರೆದರೆ ಹಸಿರಿನ ಪಟವೊಂದು, ನೀರಿನ ಪಟವೊಂದು ಸಿದ್ಧವಾಗುತ್ತವೆ. ಬಳಿಕ ಕೆರೆಯ ಗಡಿ, ಮೇಯ್ಕಲ್ ಪುರಂಬೋಕಿನ ಗಡಿ, ತೋಪಿನ ಗಡಿ ಎಂದು ಒಂದೊಂದನ್ನೂ ಗೆರೆ ಎಳೆದು ಗುರುತಿಸಿ, ಗಡಿಯೊಳಗಿನ ಚೌಕಗಳ ಸರಾಸರಿಯನ್ನೂ ಎಣಿಕೆಯನ್ನೂ ತೆಗೆಯಬೇಕು. ಹತ್ತೆಕರೆಯ ಕೆರೆ ಎಂದರೆ ಸುಮಾರು 405 ಚೌಕ. ಒಂದು ನವೆಂಬರಿನಲ್ಲಿ ಅವುಗಳಲ್ಲಿ 300 ನೀರಾಗಿದ್ದು, ಐದು ವರ್ಷದ ಮೇಲೆ ಅದೇ ನವೆಂಬರಿನಲ್ಲಿ 180 ಮಾತ್ರ ನೀರಾಗಿದ್ದು, ಉಳಿದ 120 ಹಸಿರಿಗೆ ತಿರುಗಿದ್ದರೆ, ಮೂರೆಕರೆ ನೀರು ಕಳೆಯ ಪಾಲಾಯಿತು ಎಂದು ಎದೆ ತಟ್ಟಿ ಹೇಳಬಹುದು. ಇದು ಲೆಕ್ಕದ ರೀತಿಯನ್ನು ತೋರಿಸಲು ನಾವು ಇಟ್ಟುಕೊಂಡ ಅಂಕಿ. ಯಾವ ಊರಿನದೂ ಅಲ್ಲ.

ಎರಡು ಸೂಕ್ಷ್ಮಗಳನ್ನು ಇಲ್ಲಿ ಹೇಳದಿದ್ದರೆ ಕೆಲಸ ಕೆಡುತ್ತದೆ. ಸೆಂಟಿನೆಲ್‌ನವರು 2022ರ ಜನವರಿ 25ರಿಂದ ತಮ್ಮ ಅಂಕಿಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಅದನ್ನು ಕಳೆಯದೆ ಲೆಕ್ಕ ಹಾಕಿದರೆ, 4000 ಅವಗೆಂಪು, 800 ಕೆಂಪು ಇರುವ ಹಸಿರು ಚೌಕ 5000, 1800 ಎಂದು ಓದಿಕೊಂಡು 0.67ರಿಂದ 0.47ಕ್ಕೆ ಇಳಿಯುತ್ತದೆ. ಕಾಡೆಲ್ಲ ಒಂದೇ ವರ್ಷದಲ್ಲಿ ಸೊರಗಿತು ಎಂದು ಅರ್ಜಿ ಬರೆದು ಆಮೇಲೆ ನಗೆಗೀಡಾಗುವುದು ಬೇಡ. ಕೆಲವು ತಾಣಗಳಲ್ಲಿ ಮೊದಲೇ ಕಳೆದು ಕೊಟ್ಟಿರುತ್ತಾರೆ. ಯಾವುದು ಎಂದು ನೋಡಿಕೊಂಡು ಮುಂದುವರಿಯಬೇಕು. ಎರಡನೆಯದು ವಲಯದ ವಿಚಾರ. ಭೂಮಿಯನ್ನು ಉದ್ದುದ್ದದ ಹೋಳುಗಳಾಗಿ ಮಾಡಿ ಒಂದೊಂದಕ್ಕೂ ಬೇರೆ ಅಳತೆಯ ಜಾಲವನ್ನು ಇಟ್ಟಿದ್ದಾರೆ. 43ನೆಯ ಹೋಳಿಗೂ 44ನೆಯ ಹೋಳಿಗೂ ಗೆರೆ ಬಿದ್ದಿರುವುದು ಪೂರ್ವ ರೇಖಾಂಶ 78ರಲ್ಲಿ, ಅಂದರೆ ನಮ್ಮ ಶೂಲಗಿರಿಯ ಆಸುಪಾಸಿನಲ್ಲಿ! ಹೊಸೂರು 43ಕ್ಕೆ, ಕೃಷ್ಣಗಿರಿ 44ಕ್ಕೆ ಸೇರುತ್ತದೆ. ಒಂದೇ ಜಿಲ್ಲೆಯ ಎರಡು ಪಟಗಳು ಒಂದರ ಮೇಲೊಂದು ಕೂರದೆ ಹೋದರೆ ಕಂಪ್ಯೂಟರನ್ನು ಬಯ್ಯದೆ ಇದನ್ನು ನೋಡಿ. ಭಾಷೆಯ ಗಡಿ, ರಾಜ್ಯದ ಗಡಿ ಸಾಲದೆಂದು ಇದೊಂದು ಗಡಿ ನಮ್ಮ ಪಾಲಿಗೆ ಬಂದಿದೆ.

ಭಾಷೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಕಂದಾಯದ ಕಾಗದದಲ್ಲಿ ಏರಿ ಎಂದಿದ್ದರೆ ಅದು ತಮಿಳಿನ ಏರಿ, ಅಂದರೆ ಇಡೀ ಕೆರೆ. ನಾವು ಏರಿ ಎನ್ನುವುದು ಕೆರೆಯ ಕಟ್ಟೆಗೆ. ಒಂದೇ ಪಟದಲ್ಲಿ ಒಬ್ಬರು ಕೆರೆಗೂ ಇನ್ನೊಬ್ಬರು ಕಟ್ಟೆಗೂ ಅದೇ ಹೆಸರು ಬರೆದು, ಆಮೇಲೆ ಏರಿ ಒತ್ತುವರಿಯಾಗಿದೆ ಎಂದರೆ ಏನೆಂದು ತಿಳಿಯುವುದು? ಪಟದಲ್ಲಿ ಸರ್ವೆ ನಂಬರನ್ನೂ, ತಮಿಳು ಹೆಸರನ್ನೂ, ಊರಿನವರು ಕರೆಯುವ ಕನ್ನಡ ಅಥವಾ ತೆಲುಗು ಹೆಸರನ್ನೂ ಮೂರನ್ನೂ ಬರೆಯುವುದು ಲೇಸು.

ಕಂಪ್ಯೂಟರಿಗೇ ಎಲ್ಲ ನೆಲವನ್ನೂ ವಿಂಗಡಿಸಿ ಹೆಸರಿಡಲು ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ನಮ್ಮ ಹೊಸೂರಿನ ಸುತ್ತ ಗುಲಾಬಿ ಬೆಳೆಯುವ ಪಾಲಿಹೌಸುಗಳು ಬಿಳಿಯಾಗಿ ಹೊಳೆಯುವುದರಿಂದ ಅವು ಕಟ್ಟಡಗಳೆಂದು ಎಣಿಕೆಯಾಗಬಹುದು. ನೀಲಗಿರಿ ಮರದ ತೋಪೂ ಮಾವಿನ ತೋಪೂ ಬೇಸಗೆಯಲ್ಲಿ ಹಸಿರಾಗಿರುವುದರಿಂದ ಕಾಡಿನ ಪಾಲಿಗೆ ಸೇರಿಬಿಡಬಹುದು. ನಿಜವಾದ ಕುರುಚಲು ಕಾಡು ಮಾರ್ಚಿಯಲ್ಲಿ ಎಲೆ ಉದುರಿಸಿ ನಿಂತಾಗ ಅದಕ್ಕೆ ಬೋಳು ನೆಲವೆಂಬ ಹೆಸರು. ಹೀಗೆ ಸಾಲು ನೆಟ್ಟ ನೀಲಗಿರಿಗೆ ಹೆಚ್ಚು ಅಂಕವೂ, ಮೊಲ, ಗೌಜಲ ಹಕ್ಕಿ, ಕುರಿ ಮಂದೆ ಎಲ್ಲವನ್ನೂ ಸಾಕುವ ಕುರುಚಲಿಗೆ ಕಡಮೆ ಅಂಕವೂ ಬೀಳುತ್ತದೆ.

ಇದು ಬರಿಯ ಪಂಡಿತರ ಜಗಳವೆಂದು ತಿಳಿಯಬಾರದು. ನಮ್ಮ ದೇಶದಲ್ಲಿ ಉಪಗ್ರಹದ ಚಿತ್ರಗಳಿಂದ ಬಂಜರು ಭೂಮಿಯ ಅಟ್ಲಾಸನ್ನು ಪ್ರಕಟಿಸುತ್ತಾ ಬಂದಿದ್ದಾರೆ. ಅದರಲ್ಲಿ ಕುರುಚಲು ಗಿಡಗಳ ನೆಲವೂ ಒಂದು ಬಗೆಯ ಬಂಜರು. ಕುರುಬರು ತಲೆತಲಾಂತರದಿಂದ ಕುರಿ ಮೇಯಿಸಿದ ಹುಲ್ಲುನೆಲಕ್ಕೆ ಒಮ್ಮೆ ಬಂಜರು ಎಂಬ ಹೆಸರು ಬಿದ್ದರೆ, ಯಾವುದಾದರೂ ಒಳ್ಳೆಯ ಕೆಲಸಕ್ಕೆ ಅದನ್ನು ಬಳಸಿಕೊಳ್ಳೋಣ ಎಂಬ ಮಾತು ತಡವಿಲ್ಲದೆ ಏಳುತ್ತದೆ. ಗಿಡ ನೆಡುವವರು ಬರುವರು, ಕಾರ್ಖಾನೆಗೆ ಜಾಗ ಹುಡುಕುವವರು ಬರುವರು. ಹೆಸರಿಟ್ಟವನು ಆ ನೆಲವನ್ನು ಮುಂಗಾರಿನಲ್ಲಿ ನೋಡಿರಲೇ ಇಲ್ಲ. ಆದ್ದರಿಂದ ಮೇವಿನ ನೆಲದ ಪಟವನ್ನು ಮಳೆ ಬಿದ್ದ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ, ಎರಡು ಸಲವೂ ಮಾಡಿಸಬೇಕು. ಮಳೆಗೆ ಏರಿ ಬೇಸಗೆಗೆ ಇಳಿಯುವ ಹಸಿರೇ ಜೀವವಿರುವ ಹುಲ್ಲುಗಾವಲಿನ ಗುರುತು. ವರ್ಷವಿಡೀ ಒಂದೇ ಸಮನಾಗಿ ಹಸಿರಾಗಿದ್ದರೆ ಅಲ್ಲಿ ಹುಲ್ಲು ಹೋಗಿ ಬೇರೇನೋ ಬಂದಿದೆ ಎಂದು ಅರ್ಥ. ಈ ಒಂದು ಮಾತಿಗಾಗಿಯೇ ಊರಿನವರು ತಮ್ಮ ಪಟವನ್ನು ತಾವೇ ಮಾಡಿಕೊಳ್ಳಬೇಕೆಂದು ನಾವು ಹೇಳುವುದು.

ಕಾಡಿನ ಮಾತೂ ಹೀಗೆಯೇ. ರಾಗಿ ತೆನೆ ಬರುವ ಹೊತ್ತಿಗೆ ಜವಳಗಿರಿ, ತಳಿ, ಡೆಂಕಣಿಕೋಟೆಗಳ ಮೇಲಾಗಿ ಸಾನಮಾವು ಕಾಡಿನವರೆಗೆ ಆನೆಗಳ ಹಿಂಡು ಇಳಿದು ಬರುವುದು ನಮಗೆ ಗೊತ್ತೇ ಇದೆ. 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವನ್ನೂ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವನ್ನೂ ಸರ್ಕಾರ ಘೋಷಿಸಿತು. ವಿಸ್ತಾರದ ಲೆಕ್ಕದಲ್ಲಿ ಕಾಡು ಇದೆ. ಹಸಿರಿನ ಅಂಕವೂ ಚೆನ್ನಾಗಿಯೇ ಕಾಣಬಹುದು. ಆದರೆ ಮರದ ಕೆಳಗೆ ಹುಲ್ಲಿನ ಬದಲು ಲಾಂಟಾನದ ಪೊದೆ ಹಬ್ಬಿದ್ದರೆ ಅದೂ ಹಸಿರೇ. ಆನೆಯಾಗಲಿ ದನವಾಗಲಿ ಅದನ್ನು ಮೇವಾಗಿ ತಿನ್ನದು. ಪಟ ಇಲ್ಲಿ ಸಹಾಯ ಮಾಡುವುದು ಬೇರೊಂದು ಕಡೆ. ಎರಡು ಕಾಡಿನ ತುಂಡುಗಳ ನಡುವೆ ಹೊಲ, ಮನೆ, ರಸ್ತೆಗಳು ಹೇಗೆ ವರ್ಷ ವರ್ಷ ತುಂಬಿಕೊಂಡುವು, ಆನೆ ನಡೆಯುವ ದಾರಿ ಎಲ್ಲಿ ಇಕ್ಕಟ್ಟಾಯಿತು ಎಂಬುದನ್ನು ಅದು ಬೆರಳಿಟ್ಟು ತೋರಿಸುತ್ತದೆ. ಕಾವಲು ಎಲ್ಲಿ ಕೂರಬೇಕು, ಮನೆ ಸೈಟನ್ನು ಎಲ್ಲಿ ಮಾಡಬಾರದು ಎಂದು ಗೊತ್ತುಮಾಡಲು ಇಷ್ಟು ಸಾಕು. ಪೊದೆಯೊಳಗೆ ಏನಿದೆ ಎಂದು ಸೌದೆಗೆ ಹೋಗುವ ಹೆಂಗಸರನ್ನೂ ದನ ಕಾಯುವವರನ್ನೂ ಕೇಳಬೇಕು.

ಮೊದಲು ಹೇಳಿದ ಹೊಳೆಗೆ ಹಿಂದಿರುಗೋಣ. ಕೆಲವರಪಳ್ಳಿಯಂಥ ದೊಡ್ಡ ನೀರಿನ ಮೇಲೆ ಪಾಚಿ ಎದ್ದದ್ದನ್ನೂ ಕಳೆ ಹಬ್ಬಿದ್ದನ್ನೂ ಹತ್ತು ಮೀಟರಿನ ಚೌಕದಲ್ಲಿ ತಾರೀಖಿನ ಸಮೇತ ಹಿಡಿಯಬಹುದು. ಬೇಸಗೆಯಲ್ಲಿ ಸಣ್ಣದಾಗಿ ಹರಿಯುವ ಹೊಳೆಯಲ್ಲಿ ಅದು ಕಷ್ಟ. ಚೌಕದೊಳಗೆ ನೀರು, ಮರಳು, ದಡದ ಹುಲ್ಲು ಮೂರೂ ಬೆರೆತುಹೋಗುತ್ತವೆ. ಇನ್ನು ನೀರಿನಲ್ಲಿ ಕರಗಿದ ಉಪ್ಪು, ಸಾಬೂನು, ಭಾರದ ಲೋಹ, ಇವು ಯಾವುದೂ ಮೇಲಿನಿಂದ ಕಾಣವು. ಅದಕ್ಕೆ ಸೀಸೆಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕೊಡುವ ಹಳೆಯ ದಾರಿಯೇ ಗತಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ನೀರಾವರಿಯ ನೀರಿಗೆ ಹಾಕಿರುವ ಮಿತಿಯಂತೆ, ಪಿಎಚ್ 6ರಿಂದ 8.5ರ ಒಳಗೆ ಇರಬೇಕು; ವಿದ್ಯುದ್ವಾಹಕತೆ ಸೆಂಟಿಮೀಟರಿಗೆ 2250 ಮೈಕ್ರೋ ಮೋ ದಾಟಕೂಡದು; ಬೋರಾನ್ ಲೀಟರಿಗೆ 2 ಮಿಲಿಗ್ರಾಮ್ ಮೀರಬಾರದು. ಮೊದಲ ಎರಡನ್ನು ಪೆನ್ನಿನಂಥ ಚಿಕ್ಕ ಯಂತ್ರಗಳಿಂದ ಹೊಲದಲ್ಲಿಯೇ ನೋಡಬಹುದು. ಟೊಮೇಟೊ, ಕೋಸು, ಹೂವಿಗೆ ಹೊಳೆಯ ನೀರನ್ನು ಎತ್ತುವವರು ಮಡಿಗೆ ಬಿಡುವ ಮುಂಚೆ ಅಳೆದು ತಾರೀಖು ಹಾಕಿ ಬರೆದಿಡಬೇಕು. ಪಟದ ಕೆಲಸ ಇಲ್ಲಿ ಸೀಸೆಯನ್ನು ಎಲ್ಲಿ ಅದ್ದಬೇಕು, ಯಾವಾಗ ಅದ್ದಬೇಕು ಎಂದು ಹೇಳುವುದು. ಅಣೆಯ ಮೇಲಿನ ನೀರು ಪಚ್ಚೆಗೆ ತಿರುಗಿದ ಚಿತ್ರ ಬಂದ ವಾರವೇ ಕೆಳಗಿನ ದಂಡೆಯ ಊರುಗಳಲ್ಲಿ ನೀರು ಹಿಡಿದರೆ ಒಂದಕ್ಕೊಂದು ಸಾಕ್ಷಿಯಾಗುತ್ತದೆ.

ಪಟ ಸಿದ್ಧವಾದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಊರು ಸುತ್ತದೆ ಬಿಡಬಾರದು. ಪಟದ ಮೇಲೆ ಬೇರೆ ಬೇರೆ ಬಣ್ಣದ ಮೂವತ್ತು ನಲವತ್ತು ಜಾಗಗಳನ್ನು, ನಮಗೆ ಬೇಕಾದುದನ್ನೇ ಆರಿಸದೆ, ಚೀಟಿ ಎತ್ತಿದ ಹಾಗೆ ಗುರುತಿಸಿಕೊಳ್ಳಬೇಕು. ಒಂದೊಂದು ಜಾಗಕ್ಕೂ ಹೋಗಿ ನಿಂತು, ಮೊಬೈಲಿನಲ್ಲಿ ಸ್ಥಳದ ಗುರುತು ಸಹಿತ ಫೋಟೋ ತೆಗೆದು, ಅಲ್ಲಿ ನಿಜವಾಗಿ ಇರುವುದು ಏನು ಎಂದು ಬರೆಯಬೇಕು. ನಲವತ್ತರಲ್ಲಿ ಮೂವತ್ತಾರು ಸರಿಬಂದರೆ ನೂರಕ್ಕೆ ತೊಂಬತ್ತು ನಂಬಬಹುದು. ಇಪ್ಪತ್ತೇ ಸರಿಬಂದರೆ ಪಟವನ್ನು ಮಡಿಸಿಟ್ಟು ಮೊದಲಿನಿಂದ ಆರಂಭಿಸಬೇಕು. ಸರಿಬಾರದ ಜಾಗಗಳನ್ನು ಮುಚ್ಚಿಡದೆ ಪಟದ ಕೆಳಗೆಯೇ ಬರೆದರೆ ಅಧಿಕಾರಿಗಳಿಗೂ ನಂಬಿಕೆ ಹುಟ್ಟುತ್ತದೆ.

ಒತ್ತುವರಿಯ ತಕರಾರಿದ್ದಲ್ಲಿ ಒಂದು ಎಚ್ಚರಿಕೆ. ತಮಿಳುನಾಡಿನಲ್ಲಿ ಕೆರೆಗಳ ರಕ್ಷಣೆಗೂ ಒತ್ತುವರಿ ತೆರವಿಗೂ 2007ರ ಕಾಯಿದೆ ಇದೆ. ಆದರೆ ಗಡಿ ಎಲ್ಲಿ ಎಂದು ತೀರ್ಮಾನಿಸುವುದು ಸರ್ವೆಯವರ ಅಳತೆ, ನಮ್ಮ ಪಟವಲ್ಲ. ಹತ್ತು ಮೀಟರಿನ ಚೌಕವನ್ನು ಹಿಡಿದುಕೊಂಡು ಪಕ್ಕದ ಹೊಲದವನ ಮೇಲೆ ಎರಡಡಿ ನೆಲಕ್ಕೆ ಜಗಳಕ್ಕೆ ಹೋಗಕೂಡದು. ನೀರಿನ ಹರವು ಯಾವ ವರ್ಷದಿಂದ ಯಾವ ಮಗ್ಗುಲಲ್ಲಿ ಕುಗ್ಗಿತು ಎಂಬುದಕ್ಕೆ ಆಧಾರವಾಗಿ ಅರ್ಜಿಯೊಡನೆ ಲಗತ್ತಿಸಿ, ಅಳತೆ ಮಾಡಿಕೊಡಿರೆಂದು ಕೇಳುವುದಕ್ಕೆ ಅದು ತಕ್ಕ ಕಾಗದ.

ಕೇಳುವ ಜಾಗವೂ ಉಂಟು. ತಮಿಳುನಾಡಿನಲ್ಲಿ ಗ್ರಾಮಸಭೆಗಳ ದಿನಗಳಿಗೆ ಮಾರ್ಚ್ 22, ನವೆಂಬರ್ 1 ಈ ಎರಡನ್ನೂ ಸೇರಿಸಿದ್ದಾರೆ. ಮಾರ್ಚ್ 22 ಲೋಕದ ನೀರಿನ ದಿನ. ನವೆಂಬರ್ 1 ನಮ್ಮವರಿಗೆ ಬೇರೆ ಕಾರಣಕ್ಕೂ ನೆನಪಿರುವ ದಿನ. ಒಂದು ಬೇಸಗೆಯ ಬಾಗಿಲು, ಇನ್ನೊಂದು ಕೆರೆ ತುಂಬಿರಬೇಕಾದ ಕಾಲ. ನಾವು ಮೇಲೆ ಹೇಳಿದ ಎರಡು ಚಿತ್ರಗಳ ತಿಂಗಳುಗಳೂ ಅವೇ. ಮಾರ್ಚಿಯ ಸಭೆಗೆ ಪಟ ಒಯ್ಯಬೇಕಾದರೆ ಫೆಬ್ರವರಿ ಕೊನೆಯ ವಾರದಿಂದ ಮೋಡವಿಲ್ಲದ ಚಿತ್ರಕ್ಕಾಗಿ ನೋಡುತ್ತಿರಬೇಕು, ಮಾರ್ಚ್ 10ರೊಳಗೆ ಊರು ಸುತ್ತುವ ಕೆಲಸ ಮುಗಿಯಬೇಕು. ನವೆಂಬರಿನ ಸಭೆಗಾದರೆ ಅಕ್ಟೋಬರಿನಲ್ಲಿ ಮೋಡ ಹೆಚ್ಚು. ಮೊದಲ ವಾರದಿಂದಲೇ ಕಾಯಿರಿ, ಸಿಕ್ಕ ಒಂದು ತಿಳಿಯಾದ ದಿನವನ್ನು ಬಿಡಬೇಡಿರಿ.